ಬಾಡಿಗೆಯಿಲ್ಲದ ಮನೆಯಲ್ಲಿ ಗಣಿತ

ಕಳೆದ ತಿಂಗಳ ಸಭೆಯಲ್ಲಿ ಮಿತ್ರರೊಬ್ಬರು ಆಡಿದ ಮಾತಿಗೆ ಅಲ್ಲಿಯೇ ಉತ್ತರ ಕೊಡಬೇಕೆಂದಿದ್ದೆನು; ಹೊತ್ತು ಮೀರಿದ್ದರಿಂದ ಸುಮ್ಮನಾದೆನು. ಕನ್ನಡದಲ್ಲಿ ಗಣಿತವನ್ನು ಬರೆಯುವ ಹಂಬಲವುಳ್ಳ ನಮ್ಮಂಥ ನಿವೃತ್ತರು ಹಣ ತೆರದೆ ಅಂತರ್ಜಾಲದ ಯಾವ ಎಡೆಯಲ್ಲಿ ಬರೆಯುವುದು ಲೇಸು ಎಂದು ನಾನು ಕೇಳಿದ್ದೆನು. ಅದಕ್ಕವರು, "ಪುಕ್ಕಟೆ ಸಿಕ್ಕುವುದರಲ್ಲಿ ಆರಿಸುವುದೇನು ಮೇಷ್ಟ್ರೆ? ಎಲ್ಲಿಯಾದರೂ ಬರೆಯಿರಿ. ಸೂತ್ರ ಬಂದಲ್ಲಿ ಹಲಗೆಯ ಮೇಲೆ ಬರೆದು ಫೋಟೋ ಹಿಡಿದು ಅಂಟಿಸಿದರಾಯಿತು" ಎಂದರು. ಸಭೆಯು ನಕ್ಕಿತು. ಆ ಸಲಹೆಯು ಎಷ್ಟು ಸುಲಭವೋ ಅಷ್ಟೇ ಅನರ್ಥಕಾರಿಯೆಂಬುದು ನನ್ನ ಮತ.

ನಾನೂ ಒಂದು ಕಾಲಕ್ಕೆ ಹಾಗೆಯೇ ಮಾಡಿದವನೆಂದು ಮೊದಲೇ ಒಪ್ಪಿಕೊಳ್ಳುವೆನು. ಗುತ್ತೂರಿನ ನಮ್ಮ ಬೀದಿಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗಾಗಿ ವರ್ಗಸಮೀಕರಣವನ್ನು ಬಿಡಿಸುವ ಶ್ರೀಧರಾಚಾರ್ಯರ ಕ್ರಮವನ್ನು ಬರೆದು ಹಾಕಿದ್ದೆನು. ವರ್ಗದ ಗುಣಕದ ನಾಲ್ಕರಷ್ಟರಿಂದ ಎರಡು ಪಕ್ಷಗಳನ್ನೂ ಗುಣಿಸಿ, ಅವ್ಯಕ್ತದ ಮೊದಲಿನ ಗುಣಕದ ವರ್ಗವನ್ನು ಎರಡು ಕಡೆಗೂ ಕೂಡಿಸಿದರೆ ಎಡಪಕ್ಷವು ಪೂರ್ಣವರ್ಗವಾಗುವುದು. ಮೊದಲೇ ಭಾಗಿಸಿ ಭಿನ್ನರಾಶಿಗಳ ಮುಳ್ಳುಪೊದೆಗೆ ಬೀಳುವ ಕ್ರಮಕ್ಕಿಂತ ಇದು ಎಷ್ಟೋ ನಿರ್ಮಲವಾದದ್ದು. ವಿವರಣೆಯನ್ನು ಅಕ್ಷರದಲ್ಲಿಯೂ ಸೂತ್ರವನ್ನು ಚಿತ್ರದಲ್ಲಿಯೂ ಕೊಟ್ಟಿದ್ದೆನು. ಆಕೆಯ ಫೋನಿನಲ್ಲಿ ಆ ಚಿತ್ರವು ಕುಗ್ಗಿ ಮಸುಕಾಗಿ, ವರ್ಗಮೂಲದೊಳಗಿನ ಋಣಚಿಹ್ನೆಯು ಮಾಯವಾಯಿತು. ಆಕೆ ಅದನ್ನು ಧನವೆಂದು ತಿಳಿದು, ಅರ್ಧ ನೋಟುಬುಕ್ಕಿನಷ್ಟು ಲೆಕ್ಕವನ್ನು ತಪ್ಪಾಗಿ ಮಾಡಿ ತಂದಳು. ಕಣ್ಣಿಲ್ಲದ ಮಗುವಿಗೆ ಪುಟವನ್ನು ಓದಿ ಹೇಳುವ ಯಂತ್ರವಾದರೋ ಆ ಚಿತ್ರದೆದುರಿಗೆ ಮೂಕವಾಗಿ ನಿಲ್ಲುವುದು. ಸೂತ್ರವನ್ನು ಹುಡುಕುವವರಿಗೂ ಅದು ಸಿಕ್ಕದು. ಇಷ್ಟು ಸಾಲದೆಂಬಂತೆ, ನಾನು ಬರೆಯುತ್ತಿದ್ದ ಆ ಉಚಿತ ತಾಣವೇ ಮುಂದೆ ಮುಚ್ಚಿಹೋಗಿ, ಇಪ್ಪತ್ತಕ್ಕೂ ಹೆಚ್ಚು ಲೇಖನಗಳು ಅದರೊಡನೆ ಹೋದವು. ನೆರೆಯವರೊಬ್ಬರು ಅಚ್ಚು ತೆಗೆದಿಟ್ಟುಕೊಂಡಿದ್ದ ನಾಲ್ಕು ಮಾತ್ರ ಉಳಿದುವು.

ಶ್ರೀಧರರ ಬೀಜಗಣಿತವು ಇಂದು ನಮಗೆ ಲಭ್ಯವಿಲ್ಲ, ಗ್ರಂಥವು ನಷ್ಟವಾಗಿದೆ. ಆದರೂ ಮೇಲಿನ ಸೂತ್ರವು ಉಳಿದಿದೆ. ಹೇಗೆ? 12ನೆಯ ಶತಮಾನದಲ್ಲಿ ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ ಅದನ್ನು ಶ್ರೀಧರರ ಹೆಸರಿನಿಂದಲೇ ಎತ್ತಿ ಹೇಳಿದ್ದರಿಂದ. ಮನೆಯು ಬಿದ್ದಿತು, ಸೊತ್ತು ಮಾತ್ರ ಬೇರೆ ಮನೆ ಸೇರಿ ಬದುಕಿತು; ಏಕೆಂದರೆ ಅದು ಮಾತಿನಲ್ಲಿತ್ತು, ಒಬ್ಬನು ಹೇಳಿದುದನ್ನು ಇನ್ನೊಬ್ಬನು ಬರೆದುಕೊಳ್ಳಬಹುದಾಗಿತ್ತು. ಪುಕ್ಕಟೆ ಎಡೆಯನ್ನು ಆರಿಸುವಾಗ ನಾನು ಕೇಳುವ ಪ್ರಶ್ನೆಯೂ ಇದೇ: ಇಲ್ಲಿ ನನ್ನ ಸೂತ್ರವು ಅಕ್ಷರವಾಗಿ ಉಳಿಯುವುದೆ? ಮನೆಯವನು "ನಡೆ" ಎಂದ ದಿನ ಅದನ್ನು ಗಂಟುಕಟ್ಟಿ ಹೊರಡಬಹುದೆ? ಆ ದಿನವು ಬರಲಾರದೆಂದು ನಂಬುವವರು ಜಿಯೊಸಿಟೀಸ್ ಎಂಬುದನ್ನು ನೆನೆಯಲಿ. 1994ರಲ್ಲಿ ಹುಟ್ಟಿ ಲಕ್ಷಾಂತರ ಜನರಿಗೆ ಉಚಿತ ಪುಟಗಳನ್ನು ಕೊಟ್ಟ ಅದು 2009ರಲ್ಲಿ ಅಮೆರಿಕದಲ್ಲಿ ಬಾಗಿಲು ಹಾಕಿತು. ಪೋಸ್ಟರಸ್ ಎಂಬ ಬ್ಲಾಗುತಾಣವು 2013ರಲ್ಲಿ ಹೋಯಿತು. ಹರಿಹರದಲ್ಲಿ 1224ರ ಸುಮಾರಿಗೆ ಪೊಲಾಳ್ವ ದಂಡನಾಥನು ಕಟ್ಟಿಸಿದ ಗುಡಿಯ ಶಾಸನಗಳನ್ನು ಇಂದಿಗೂ ಓದಬಹುದು; ಆದರೆ ಕಲ್ಲಿನ ಮೇಲೆ ಬರೆಸುವ ಶಕ್ತಿಯು ಪಿಂಚಣಿದಾರನಿಗೆಲ್ಲಿಯದು?

ಸೂತ್ರವನ್ನು ಅಕ್ಷರವಾಗಿಯೇ ಬರೆಯುವ ಉಪಾಯವನ್ನು ಡೊನಾಲ್ಡ್ ಕನೂತ್ ಎಂಬ ಅಮೆರಿಕದ ಪಂಡಿತರು 1978ರಲ್ಲಿಯೇ ಲೋಕಕ್ಕೆ ಕೊಟ್ಟಿರುವರು. ಅದರ ಹೆಸರು ಟೆಕ್. ಓರೆಗೆರೆಯೊಂದನ್ನೆಳೆದು ಭಿನ್ನರಾಶಿಯ ಸಂಕೇತಪದವನ್ನು ಬರೆದು, ಅಂಶವನ್ನೂ ಛೇದವನ್ನೂ ಪುಷ್ಪಾವರಣಗಳಲ್ಲಿಟ್ಟರೆ ಅಚ್ಚುಕಟ್ಟಾದ ಭಿನ್ನರಾಶಿಯು ಮೂಡುವುದು. ಸಾಮಾನ್ಯವಾದ ಪಠ್ಯವಾದ್ದರಿಂದ ಅದನ್ನು ಎಲ್ಲಿಗಾದರೂ ಒಯ್ಯಬಹುದು. "ಇದು ಇಂಗ್ಲಿಷಿನ ಗೋಜಲು, ಕನ್ನಡ ಮೇಷ್ಟ್ರಿಗೆ ಹಿಡಿಸದು" ಎಂಬ ಆಕ್ಷೇಪವುಂಟು. ಪಾಠಶಾಲೆಯಲ್ಲಿ ಓದಿದ ನನಗೆ ಇದು ನಗೆ ಬರಿಸುವುದು. ಯಾವತ್ತಾವತ್ ಎಂಬುದಕ್ಕೆ 'ಯಾ' ಎಂದೂ, ಕಾಲಕ, ನೀಲಕಗಳೆಂಬ ಬೇರೆ ಅವ್ಯಕ್ತಗಳಿಗೆ 'ಕಾ', 'ನೀ' ಎಂದೂ, ವ್ಯಕ್ತಸಂಖ್ಯೆಗೆ 'ರೂ' ಎಂದೂ ಬರೆದು, ಋಣರಾಶಿಯ ತಲೆಯ ಮೇಲೆ ಚುಕ್ಕೆಯನ್ನಿಡುತ್ತಿದ್ದ ಹಿರಿಯರ ವಂಶದವರಿಗೆ ಸಂಕೇತಾಕ್ಷರಗಳ ಭಯವೆ! ಒಂದು ವಾರದ ಅಭ್ಯಾಸವಾದರೆ ಸಾಕು. ನನಗೆ ಹತ್ತು ದಿನ ಹಿಡಿಯಿತು.

ಇನ್ನು ಎಡೆಗಳ ವಿಚಾರ. ಮುಖಪುಸ್ತಕ, ವಾಟ್ಸಾಪುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳೆನು. ಅಲ್ಲಿ ಬರೆದುದು ತುಂಗಭದ್ರೆಯ ಹೊಳೆಯಲ್ಲಿ ಬಿಟ್ಟ ದೊನ್ನೆಯಂತೆ, ಸಂಜೆಗೆ ಕಾಣದು. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬ ತಾಣವು 2007ರಲ್ಲಿಯೇ ಟೆಕ್ ಬರೆವಣಿಗೆಗೆ ಎಡೆಗೊಟ್ಟಿತು. ಓದುಗನಿಗೆ ಕೆಲವೊಮ್ಮೆ ಚಿತ್ರವನ್ನೇ ಮಾಡಿ ತೋರಿಸಿದರೂ ಮೂಲವು ಲೇಖಕನ ಬಳಿ ಅಕ್ಷರವಾಗಿಯೇ ಇರುವುದು. ಟೆರೆನ್ಸ್ ಟಾವೊ ಎಂಬ ಮಹಾಗಣಿತಜ್ಞರು ಆ ವರ್ಷದಿಂದ ಬರೆದದ್ದು ಅಲ್ಲಿಯೇ. ತಿಮೊಥಿ ಗವರ್ಸರು 2009ರಲ್ಲಿ ತಮ್ಮ ಅಲ್ಲಿಯ ಪುಟದಲ್ಲಿ ಒಂದು ಕಠಿನ ಪ್ರಮೇಯವನ್ನು ಎಲ್ಲರ ಮುಂದಿಟ್ಟು, ಬಂದವರೆಲ್ಲರೊಡನೆ ಕೂಡಿ ಕೆಲವೇ ವಾರಗಳಲ್ಲಿ ಅದಕ್ಕೆ ಹೊಸ ಸಾಧನೆಯನ್ನು ಕಂಡರು. ಪುಕ್ಕಟೆ ಮನೆಯೆಂದರೆ ಕೀಳೆಂಬವರಿಗೆ ಇಷ್ಟೇ ಉತ್ತರ. ಹಣ ಕೊಡದವನ ಪುಟದಲ್ಲಿ ಜಾಹೀರಾತುಗಳನ್ನು ಅಂಟಿಸುವರೆಂಬುದು ನಿಜ. ಲೀಲಾವತಿಯ ಪಕ್ಕದಲ್ಲಿ ಸಾಲದ ಕಂಪೆನಿಯ ಪ್ರಕಟಣೆಯನ್ನು ಕಂಡರೆ ನನಗೂ ಮೈಯುರಿಯುವುದು.

ಗೂಗಲಿನ ಬ್ಲಾಗರ್ ನೋಡಲು ಸರಳ. ಆದರೆ ಅಲ್ಲಿ ಸೂತ್ರ ಮೂಡಬೇಕಾದರೆ ಮ್ಯಾಥ್‌ಜಾಕ್ಸ್ ಎಂಬ ಯಂತ್ರದ ವಿಳಾಸವನ್ನು ಲೇಖಕನೇ ಪುಟದ ಒಳಗೆ ಸೇರಿಸಬೇಕು. ಆ ಯಂತ್ರದವರು ತಮ್ಮ ಹಳೆಯ ವಿಳಾಸವನ್ನು 2017ರ ಏಪ್ರಿಲ್ 30ರಂದು ಮುಚ್ಚಿದಾಗ ಅದನ್ನು ನೆಚ್ಚಿದ್ದವರೆಲ್ಲರೂ ತಿದ್ದಿಕೊಳ್ಳಬೇಕಾಯಿತು. ತಿದ್ದಬಲ್ಲ ಮಗನೋ ಮೊಮ್ಮಗಳೋ ಮನೆಯಲ್ಲಿದ್ದರೆ ಬ್ಲಾಗರ್ ಆಗಬಹುದು. ಪ್ರಾಯದವರಿಗೆ ಗಿಟ್‌ಹಬ್ ಪೇಜಸ್ ಎಲ್ಲಕ್ಕಿಂತ ಮೇಲು: ಬರೆದ ಕಡತವು ತಮ್ಮ ಗಣಕದಲ್ಲಿಯೇ ಇರುವುದು, ಅದರ ಪ್ರತಿಯು ಮಾತ್ರ ಅಲ್ಲಿರುವುದು. ನನ್ನ ವಯಸ್ಸಿನವರಿಗೆ ಅದರ ಮೆಟ್ಟಿಲು ತುಸು ಕಡಿದು. ನಾನು ವರ್ಡ್‌ಪ್ರೆಸ್ಸನ್ನೇ ಹಿಡಿದಿರುವೆನು.

ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆಯಬೇಕೆಂದು ಬೇರೆ ಹೇಳಬೇಕೆ? ಹಳೆಯ ಅಕ್ಷರಜೋಡಣೆಯಲ್ಲಿ ಬೆರಳಚ್ಚು ಮಾಡಿದ ಲೇಖನಗಳು ಅದರ ಅಕ್ಷರಮಾಲೆಯಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುವುದನ್ನು ಯಾರು ನೋಡಿಲ್ಲ?

"ಇಷ್ಟು ಕಷ್ಟವೇಕೆ, ಗಣಿತವನ್ನು ಇಂಗ್ಲಿಷಿನಲ್ಲಿಯೇ ಬರೆಯಬಾರದೆ?" ಎಂದು ಕೊನೆಗೆ ಮಿತ್ರರು ಕೇಳಿದರು. ಇದೇ ನನ್ನನ್ನು ನೋಯಿಸಿದ ಮಾತು. ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದ ನಾಡು ಇದು. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ತೆಗೆದರು. ಅಚ್ಚಿನ ಕಾಲದಲ್ಲಿ ಅದು ಎರಡು ವರ್ಷವಷ್ಟೇ ನಡೆದು ನಿಂತಿತು. ಕಾಗದದ ಖರ್ಚೂ ಅಂಚೆಯ ಖರ್ಚೂ ಇಲ್ಲದ ಎಡೆಯೊಂದು ಇಂದು ನಮ್ಮ ಕೈಗೆ ಬಂದಿರುವಾಗ ಅದರಲ್ಲಿ ಮಸುಕು ಫೋಟೋಗಳನ್ನು ತೂಗುಹಾಕುವುದೆ?

ನಮ್ಮ ಸಂಘವು ತನ್ನ ಹೆಸರಿನಲ್ಲಿ ಇಂತಹ ಒಂದು ಪುಟವನ್ನು ತೆರೆಯಲಿ ಎಂದು ಕಾರ್ಯದರ್ಶಿಗಳಿಗೆ ಬರೆದಿರುವೆನು. ಪ್ರತಿ ಲೇಖನದ ಟೆಕ್ ಮೂಲವನ್ನು ಸಂಘದ ಗಣಕದಲ್ಲಿ ಒಂದು ಪ್ರತಿ, ಅಚ್ಚುಮಾಡಿ ಬೀರುವಿನಲ್ಲಿ ಒಂದು ಪ್ರತಿ ಇಡತಕ್ಕದ್ದು. ಶ್ರೀಧರರ ಸೂತ್ರವನ್ನು ಈ ಸಲ ಅಕ್ಷರದಲ್ಲಿಯೇ ಬರೆದಿಟ್ಟಿರುವೆನು. ಋಣಚಿಹ್ನೆಯು ಫೋನಿನಲ್ಲಿ ಸರಿಯಾಗಿ ಕಾಣುವುದೆಂದು ಆ ಹುಡುಗಿಯೇ ನೋಡಿ ಹೇಳಿದಳು.