ಪಾಥೇಯದ ಭಾರ

ಹೋಳಿ ಹುಣ್ಣಿವೆಯ ಹಿಂದುಮುಂದಿನ ದಿನಗಳಲ್ಲಿ ನರಗುಂದ, ರೋಣ, ಗಜೇಂದ್ರಗಡಗಳ ಸೀಮೆಯ ಅನೇಕ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳವು ಹೆಚ್ಚಾಗುವದು. ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಸೇರಬೇಕೆಂದು ಕಾಲ್ನಡೆಯಿಂದ ಹೊರಡುವವರ ಸಲುವಾಗಿ ಬುತ್ತಿಯು ಸಿದ್ಧವಾಗುತ್ತಿರುವದು. ಭ್ರಮರಾಂಬೆಯನ್ನು ಮನೆಮಗಳೆಂದೇ ಬಗೆದು ಆಕೆಗೆ ಸೀರೆಯನ್ನು ಒಯ್ಯುವ ನಮ್ಮ ಜನರು ಯಾತ್ರಿಕನ ಚೀಲವನ್ನು ತವರಿನ ಬುತ್ತಿಯಂತೆ ತುಂಬಿದರೆ ಆಶ್ಚರ್ಯವೇನು? ಆದರೆ ಆ ಪ್ರೀತಿಗೂ ತೂಕವಿರುವದೆಂಬ ಮಾತನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿರುವೆನು.

ದಾರಿಯ ಬುತ್ತಿಗೆ ಸಂಸ್ಕೃತದಲ್ಲಿ ‘ಪಾಥೇಯ’ವೆಂದು ಹೆಸರು. ಪಾಣಿನಿಯು ಈ ಶಬ್ದವನ್ನೂ ‘ಆತಿಥೇಯ’ವೆಂಬ ಶಬ್ದವನ್ನೂ ಒಂದೇ ಸೂತ್ರದಿಂದ ಸಾಧಿಸಿರುವನು. ದಾರಿಗೆ ತಕ್ಕದ್ದು ಪಾಥೇಯ. ಅತಿಥಿಯ ವಿಷಯದಲ್ಲಿ ತಕ್ಕದ್ದು ಆತಿಥೇಯ. ಬಹಳವಾದದ್ದು ಪಾಥೇಯವೆಂದು ವೈಯಾಕರಣರು ಎಲ್ಲಿಯೂ ಹೇಳಲಿಲ್ಲ, ತಕ್ಕದ್ದೆಂದಷ್ಟೇ ಹೇಳಿದರು. ನಡೆಯುವವನೂ ಉಣಿಸುವವನೂ ಈ ಒಂದು ಮಾತನ್ನು ಮರೆಯತಕ್ಕದ್ದಲ್ಲ.

ನರಗುಂದದ ಕಡೆಯಿಂದ ಹೊರಟವರು ರೋಣವನ್ನು ದಾಟಿ ಗಜೇಂದ್ರಗಡಕ್ಕೆ ಬರುವ ಹೊತ್ತಿಗೆ ಮನೆಯ ಬುತ್ತಿಯು ಕರಗುತ್ತ ಬಂದಿರುವದು. ಸಮೀಪದ ಗುಡ್ಡದಲ್ಲಿರುವ ಕಾಲಕಾಲೇಶ್ವರನ ದರ್ಶನ ಪಡೆದು, ಅಂತರಗಂಗೆಯ ನೀರನ್ನು ಕುಡಿದು, ಪೇಟೆಯಲ್ಲಿ ಅವಲಕ್ಕಿ, ಪುಟಾಣಿ, ಬೆಲ್ಲ, ಶೇಂಗಾಗಳನ್ನು ಕೊಳ್ಳುವರು. ಊರಲ್ಲಿ ಬಂಧುಗಳಿದ್ದರೆ ಅವರೂ ಒಂದು ಗಂಟನ್ನು ಕೊಡದೆ ಬಿಡರು. ಹೀಗೆ ಚೀಲವನ್ನು ತುಂಬಿಕೊಂಡ ಮರುದಿನವೇ ನಡಿಗೆಯಲ್ಲಿ ಕಠಿಣವಾದ ದಿನವು. ವಿಶ್ರಾಂತಿಯಿಂದ ಕಾಲುಗಳು ಬಿಗಿದಿರುವವು. ಹೆಗಲ ಹೊರೆಯು ಎಲ್ಲ ದಿನಗಳಿಗಿಂತ ಹೆಚ್ಚಾಗಿರುವದು. ಹೊಟ್ಟೆ ತುಂಬಿದವನ ಉತ್ಸಾಹವಂತೂ ಅದಕ್ಕೂ ಮಿಗಿಲು.

ಆ ದಿನದ ಮಜಲನ್ನು ಕಿರಿದಾಗಿ ಇಟ್ಟುಕೊಳ್ಳುವದು ಉತ್ತಮ. ಮೂಡಲಿಗೆ ಕುಷ್ಟಗಿಯ ಕಡೆಗಿನ ಬಯಲಿನಲ್ಲಿ ನೆರಳು ವಿರಳ. ಗಂಟೆಗೆ ೪ ಕಿಲೋಮೀಟರಿನಂತೆ ನಡೆಯುವವನು ನಸುಕಿನ ೪ ಗಂಟೆಗೆ ಹೊರಟರೆ, ಬಿಸಿಲೇರುವ ಮೊದಲು ೨೦ ಕಿಲೋಮೀಟರಿನಷ್ಟು ದಾರಿಯನ್ನು ಕಳೆಯಬಲ್ಲನು. ಮುಂದೆ ಇಳಿಹೊತ್ತಿನವರೆಗೆ ಮರದ ಕೆಳಗೆ ಇರತಕ್ಕದ್ದು. ೬೦ ಕಿಲೋ ತೂಕದ ಮನುಷ್ಯನಿಗೆ ೬ ಕಿಲೋದ ಹೊರೆಯು ಹಿತಕರವು; ಅದರಲ್ಲಿ ನೀರಿನದೇ ೨ ಕಿಲೋ ಹೋಗುವದು. ಏಕೆಂದರೆ ಲೀಟರು ನೀರಿಗೆ ಒಂದು ಕಿಲೋ ತೂಕವುಂಟು. ಆದುದರಿಂದ ಕಡಿಮೆ ಮಾಡತಕ್ಕದ್ದು ತಿನಿಸನ್ನೇ ಹೊರತು ನೀರನ್ನಲ್ಲ. ಮೊಸರನ್ನ, ಪಲ್ಯಗಳಂತಹ ಹಸಿಯ ಪದಾರ್ಥಗಳನ್ನು ಮುಂಜಾನೆಯೇ ಉಂಡು ಮುಗಿಸಬೇಕು. ಖಡಕ್ ರೊಟ್ಟಿಯೂ ಶೇಂಗಾ ಹಿಂಡಿಯೂ ಹಗುರಾಗಿದ್ದು ಬಹುದಿನ ಕೆಡದೆ ಇರುವವು. ಆದರೆ ಬಾಯಾರಿಕೆಯನ್ನು ಹೆಚ್ಚಿಸುವವು. ಅವುಗಳ ಜೊತೆಗೆ ಉಪ್ಪು ಬೆರೆಸಿದ ಮಜ್ಜಿಗೆಯು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ನಡೆಯುವವರಲ್ಲಿ ಯಾರಿಗಾದರೂ ತಲೆ ತಿರುಗಿ ಮಾತು ತೊದಲತೊಡಗಿದರೆ ಅದನ್ನು ಬರಿಯ ದಣಿವೆಂದು ಬಗೆಯಬಾರದು. ಕೂಡಲೇ ನೆರಳಿಗೆ ಒಯ್ದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ, ವೈದ್ಯರನ್ನು ಕರೆಸಬೇಕು. ಬಿಸಿಲಿನ ಆಘಾತವು ಪ್ರಾಣಕ್ಕೆ ಎರವಾಗುವಂಥದು.

ಬಯಲು ಸೀಮೆಯಲ್ಲಿ ಊರೂರಿಗೆ ದಾಸೋಹ ನಡೆಯುವ ಕಾರಣ ಚೀಲವು ಬರಿದಾದರೂ ಚಿಂತೆಯಿಲ್ಲ. ಅನೇಕ ತಂಡಗಳ ಸಾಮಾನನ್ನು ಈಗ ವಾಹನಗಳೇ ಒಯ್ಯುವವು. ಆದರೆ ಕರ್ನೂಲಿನ ಆಚೆಯ ಆತ್ಮಕೂರನ್ನು ದಾಟಿ ನಲ್ಲಮಲದ ಕಾಡನ್ನು ಹೊಕ್ಕ ಮೇಲೆ ಆ ಅನುಕೂಲವಿರದು. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ, ಕೈಲಾಸದ್ವಾರಗಳ ಮಾರ್ಗವಾಗಿ ಏರಿಳಿಯುವ ಕಾಲುದಾರಿಯಲ್ಲಿ ತನ್ನ ಹೊರೆಗೆ ತನ್ನ ಹೆಗಲೇ ಗತಿ. ಅಲ್ಲಿ ನೀರನ್ನು ಒಂದು ಪಾಲು ಹೆಚ್ಚಾಗಿಯೇ ಹೊರಬೇಕು. ಅದು ಹುಲಿಗಳ ರಕ್ಷಿತ ಅರಣ್ಯ. ಬೇಸಿಗೆಯ ಒಣಗಿದೆಲೆಗಳಿಗೆ ಒಂದು ಕಿಡಿಯೇ ಸಾಕು. ಹೊರಲಾರದೆ ದಾರಿಯಲ್ಲಿ ಚೆಲ್ಲಿದ ಪ್ಲಾಸ್ಟಿಕ್ ಚೀಲಗಳೂ ಬಾಟಲಿಗಳೂ ಯಾತ್ರಿಕನ ಭಾರವನ್ನು ಇಳಿಸುವವೇ ಹೊರತು ಕಾಡಿನ ಭಾರವನ್ನಲ್ಲ. ಬಟ್ಟೆಯ ಗಂಟಿನಲ್ಲಿ ಕಟ್ಟಿದ ಬುತ್ತಿಯು ಉಂಡ ಮೇಲೆ ಮಡಚಿ ಸೊಂಟಕ್ಕೆ ಸಿಕ್ಕಿಸುವಷ್ಟಾಗುವದು.

ಮನೆಯಲ್ಲಿ ಉಳಿಯುವ ನಮ್ಮ ಪಾಲಿನ ಕರ್ತವ್ಯವನ್ನು ಹೇಳಿ ಮುಗಿಸುವೆನು. ದಾರಿಯ ಪಕ್ಕದ ಮನೆಯವರು ಯಾತ್ರಿಕನ ಚೀಲಕ್ಕೆ ತುಂಬುವದಕ್ಕಿಂತ ಅವನ ಎಲೆಗೆ ಬಡಿಸುವದು ಮೇಲು. ಬಾಗಿಲಲ್ಲಿ ಒಂದು ಕೊಡ ನೀರು, ಒಂದು ಗಡಿಗೆ ಮಜ್ಜಿಗೆ, ಮಧ್ಯಾಹ್ನ ಒರಗಲಿಕ್ಕೆ ಒಂದು ಕಟ್ಟೆ: ಇವು ಯಾರ ಹೆಗಲಿಗೂ ಭಾರವಾಗಲಾರವು. ನಮ್ಮ ಆತಿಥ್ಯವು ಸರಿಯಾಗಿದ್ದಷ್ಟು ಅವರ ಪಾಥೇಯವು ಹಗುರಾಗುವದು. ಪಾಣಿನಿಯು ಜೊತೆಗೂಡಿಸಿದ ಆ ಎರಡು ಶಬ್ದಗಳನ್ನು ನಮ್ಮ ಹೊಸ್ತಿಲಲ್ಲಿಯೂ ಅಗಲಿಸದೆ ಇರೋಣ.