ಎಂಬಿಎ ಅರ್ಜಿಯೂ ತೋಟದ ಪಹಣಿಯೂ

ಐಐಎಂಗಳ ಪ್ರವೇಶಕ್ಕೆ ಬೇಕಾದ ಕ್ಯಾಟ್ ಪರೀಕ್ಷೆಗೆ ಆಗಸ್ಟ್‌ನಲ್ಲಿ ನೋಂದಣಿ ಶುರುವಾಗುತ್ತದೆ. ಕೊಡಗಿನಲ್ಲಿ ಅದು ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಕಾಲ. ಪರೀಕ್ಷೆ ನವೆಂಬರ್ ಕೊನೆಯ ಭಾನುವಾರ. ಅಷ್ಟರಲ್ಲಿ ಅರೇಬಿಕಾ ಹಣ್ಣಾಗಿರುತ್ತದೆ, ಪುತ್ತರಿಯೂ ಹತ್ತಿರವಿರುತ್ತದೆ. ಸಂದರ್ಶನಗಳ ಹೊತ್ತಿಗೆ ರೋಬಸ್ಟಾ ಕೊಯ್ಲು. ಒಟ್ಟಿನಲ್ಲಿ ಮನೆಯವರಿಗೆ ಪುರುಸೊತ್ತಿಲ್ಲದ ತಿಂಗಳುಗಳಲ್ಲೇ ಇದೆಲ್ಲ ನಡೆಯುತ್ತದೆ. ಹಾಗಾಗಿ ಕಾಗದಪತ್ರದ ಕೆಲಸವನ್ನು ಮುಂಗಾರಿಗೆ ಮೊದಲೇ ಹಿಡಿಯಬೇಕು.

ಕೋಚಿಂಗ್ ಕೇಂದ್ರಗಳು ಗಣಿತ ಕಲಿಸುತ್ತವೆ, ಪಹಣಿ ಓದುವುದನ್ನು ಕಲಿಸುವುದಿಲ್ಲ. ನಮ್ಮ ಜಿಲ್ಲೆಯ ಅಭ್ಯರ್ಥಿಗಳಿಗೆ ತೊಡಕಾಗುವುದು ಹೆಚ್ಚಾಗಿ ಅಲ್ಲೇ. ರಾಜ್ಯದ 3ಎ ಪ್ರಮಾಣಪತ್ರ ಕೆಇಎ ನಡೆಸುವ ಪಿಜಿಸಿಇಟಿಗೆ ಸಾಕು. ಐಐಎಂ ಕೇಂದ್ರದ ಸಂಸ್ಥೆ; ಅಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ಎರಡು ಪಟ್ಟಿಗಳೂ ಬೇರೆ ಬೇರೆ, ಒಂದರಲ್ಲಿದ್ದವರು ಇನ್ನೊಂದರಲ್ಲೂ ಇರುತ್ತಾರೆಂದು ತಿಳಿಯಬಾರದು. ಕ್ಯಾಟ್ ಅರ್ಜಿಯಲ್ಲಿ ಒಮ್ಮೆ ನಮೂದಿಸಿದ ವರ್ಗವನ್ನು ಆಮೇಲೆ ಬದಲಾಯಿಸಲಾಗದು.

ಕೇಂದ್ರದ ಪಟ್ಟಿಯಲ್ಲಿದ್ದರೂ ಕೆನೆಪದರದ ಪ್ರಶ್ನೆ ಉಳಿಯುತ್ತದೆ. 1993ರಲ್ಲಿ ಕೇಂದ್ರ ಹೊರಡಿಸಿದ ಆದೇಶ ಗದ್ದೆಯನ್ನೂ ಕಾಫಿ ತೋಟವನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಬೇಸಾಯದ ಆದಾಯವನ್ನು ಮಿತಿಗೆ ಸೇರಿಸುವುದಿಲ್ಲ. ಕಾಫಿ, ಚಹಾ, ರಬ್ಬರ್ ತೋಟಗಳಿಗೆ ಮಾತ್ರ ಆದಾಯದ ಪರೀಕ್ಷೆ ಉಂಟು. ಮಿತಿ 2017ರಿಂದ ವರ್ಷಕ್ಕೆ 8 ಲಕ್ಷ ರೂಪಾಯಿ, ಸತತ ಮೂರು ವರ್ಷದ ಲೆಕ್ಕ. ಕಾಫಿಗೆ ಒಳ್ಳೆಯ ದರ ಸಿಕ್ಕ ವರ್ಷಗಳಲ್ಲಿ ಈ ಮಿತಿ ದಾಟುವುದು ಕಷ್ಟವಲ್ಲ.

ಕೇಂದ್ರದ ಮೀಸಲಾತಿ ಪಟ್ಟಿಗಳಲ್ಲಿ ಇಲ್ಲದವರಿಗೆ ಇಡಬ್ಲ್ಯೂಎಸ್ ಇದೆಯಲ್ಲ ಎನ್ನಬಹುದು. ಅಲ್ಲಿ ನಿಯಮ ಇನ್ನೂ ಬಿಗಿ. ಗದ್ದೆಯ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಕುಟುಂಬಕ್ಕೆ 5 ಎಕರೆ ಅಥವಾ ಹೆಚ್ಚು ಕೃಷಿಭೂಮಿ ಇದ್ದರೆ ಆದಾಯ ಎಷ್ಟೇ ಕಡಿಮೆಯಿದ್ದರೂ ಅರ್ಹತೆಯಿಲ್ಲ. ನಿಯಮದ ಕುಟುಂಬವೆಂದರೆ ಅಭ್ಯರ್ಥಿ, ತಂದೆತಾಯಿ, 18 ತುಂಬದ ಒಡಹುಟ್ಟಿದವರು, ಮದುವೆಯಾಗಿದ್ದರೆ ಸಂಗಾತಿ ಮತ್ತು 18 ತುಂಬದ ಮಕ್ಕಳು. ಜಮ್ಮಾ ಭೂಮಿಯ ಪಹಣಿಯಲ್ಲಿರುವುದು ಇಡೀ ಒಕ್ಕ: ಪಟ್ಟೆದಾರರ ಹೆಸರು, ಅವರ ಜೊತೆಗೆ ಪಾಲುದಾರರ ಸಾಲು. ಇದರಲ್ಲಿ ನಿಮ್ಮ ಮನೆಯ ಪಾಲೆಷ್ಟು ಎಂಬುದನ್ನು ತಾಲ್ಲೂಕು ಕಚೇರಿಗೆ ತೋರಿಸಿಕೊಡುವುದು ಒಂದೆರಡು ದಿನದ ಕೆಲಸವಲ್ಲ. ಅಮ್ಮತ್ತಿಯಿಂದ ಹೊರಟು ವಿರಾಜಪೇಟೆ ಕಚೇರಿಗೆ ಎಷ್ಟು ಸಲ ಹೋಗಬೇಕಾದೀತು ಎಂದು ಯಾರೂ ಮೊದಲೇ ಹೇಳಲಾರರು.

ಸಾಲದ ವಿಷಯದಲ್ಲೂ ಪಹಣಿ ಎದುರಾಗುತ್ತದೆ. ಬೆಂಗಳೂರು ಐಐಎಂನ ಎರಡು ವರ್ಷದ ಶುಲ್ಕ 20 ಲಕ್ಷ ದಾಟುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷಕ್ಕಿಂತ ಹೆಚ್ಚಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳುತ್ತಾರೆ, ಜಂಟಿ ಹೆಸರಿನ ಜಮೀನನ್ನು ಅಡವಿಡುವುದು ಸುಲಭವಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಉತ್ತಮ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಕೊಡುತ್ತದೆ. ಬ್ಯಾಂಕಿನಲ್ಲಿ ಮೊದಲು ಇದನ್ನೇ ವಿಚಾರಿಸಿ.

ಅಂಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತನೇ ತರಗತಿಯಿಂದ ಪದವಿಯವರೆಗಿನ ಫಲಿತಾಂಶಕ್ಕೂ ಬೆಂಗಳೂರು ಐಐಎಂ ತೂಕ ಕೊಡುತ್ತದೆ. ಅದನ್ನು ಈಗ ತಿದ್ದಲಾಗದು. ಹಾಗೆಯೇ ಐಐಎಂ ಒಂದನ್ನೇ ನೆಚ್ಚಿಕೊಳ್ಳುವ ಹಟವೂ ನನಗೆ ಅರ್ಥವಾಗುವುದಿಲ್ಲ. ತೋಟಕ್ಕೇ ಮರಳುವ ಮನಸ್ಸಿದ್ದವರಿಗೆ ಬೆಂಗಳೂರಿನಲ್ಲೇ ಭಾರತೀಯ ಪ್ಲಾಂಟೇಶನ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ.

ಸಂದರ್ಶನಕ್ಕೆ ಮಾತ್ರ ಕೊಡಗಿನವರು ತಯಾರಾಗಲೇಬೇಕು. ಊರಿನ ಹೆಸರು ಕಂಡೊಡನೆ ಕಾಫಿಯ ಮೇಲೆ ಪ್ರಶ್ನೆ ಬರುವ ಸಂಭವ ಹೆಚ್ಚು. ಅರೇಬಿಕಾದ ದರ ನ್ಯೂಯಾರ್ಕ್‌ನಲ್ಲಿ, ರೋಬಸ್ಟಾದ್ದು ಲಂಡನ್‌ನಲ್ಲಿ ಏಕೆ ನಿರ್ಧಾರವಾಗುತ್ತದೆ? 1996ರಲ್ಲಿ ಕಾಫಿ ಮಂಡಳಿಯ ಪೂಲಿಂಗ್ ಪೂರ್ತಿ ನಿಂತಮೇಲೆ ಬೆಳೆಗಾರನಿಗೆ ಆದದ್ದೇನು? 50 ಕೆ.ಜಿ. ಚೆರಿ ಚೀಲಕ್ಕೆ ವ್ಯಾಪಾರಿ ಔಟ್‌ಟರ್ನ್ ನೋಡಿ ದರ ಕಟ್ಟುವುದು ಹೇಗೆ? ಇದಕ್ಕೆ ಕೋಚಿಂಗ್ ಬೇಕಿಲ್ಲ. ಈ ಸಲ ಕಾಫಿ ಮಾರಲು ಅಪ್ಪ ಹೊರಟಾಗ ಜೊತೆಗೆ ಹೋಗಿ, ಬಿಲ್ಲು ಕೇಳಿ ನೋಡಿ.