ಪದದ ಬೆನ್ನು ಹತ್ತಿ, ಭಾಗ 4: ‘ಹೊಂಟೆ’ ಅಂದ್ರೆ ತಪ್ಪಾ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಯಾವ ಬಸ್ ಸ್ಟ್ಯಾಂಡಲ್ಲಿ ನಿಂತ್ರೂ ಕಿವಿಗೆ ಬೀಳೋ ಮಾತು ಒಂದೇ: ‘ಎಲ್ಲಿಗೆ ಹೊಂಟ್ರಿ?’

ಹೋದ ವರ್ಷ ಬೇರೆ ಊರಿನ ಕಾಲೇಜ್ ಫೆಸ್ಟಿಗೆ ಹೋಗಿದ್ದೆ. ಸ್ಟೇಜ್ ಮೇಲೆ ‘ನಾವು ಬೆಳಿಗ್ಗೆ ಐದಕ್ಕೇ ಹೊಂಟ್ವಿ’ ಅಂದೆ. ಮುಂದಿನ ಸಾಲು ನಕ್ಕಿತು. ‘ಹೊರಟೆವು ಅನ್ನಪ್ಪಾ’ ಅಂತ ಒಬ್ಬರು ತಿದ್ದಿದ್ರು. ಆಮೇಲೆ ಇಡೀ ದಿನ ನಾನು ಬಾಯೇ ಬಿಡಲಿಲ್ಲ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಹಿಂಗಾಗಿರ್ತದೆ.

ಈಗ ಆ ಪದದ ಕಥೆ ಕೇಳ್ರಿ.

ಹಳಗನ್ನಡದಲ್ಲಿ ಈ ಕ್ರಿಯಾಪದ ‘ಪೊರಮಡು’. ‘ಪೊರ’ ಅಂದ್ರೆ ಹೊರಗೆ. ಅಂದ್ರೆ ಹೊಸ್ತಿಲು ದಾಟಿ ಹೊರಗೆ ಬೀಳೋದೇ ಹೊರಡೋದು. ತಮಿಳರು ಇವತ್ತಿಗೂ ‘ಪುರಪ್ಪಡು’ ಅಂತಾರೆ, ಅಲ್ಲೂ ‘ಪುರಂ’ ಅಂದ್ರೆ ಹೊರಗೇನೇ.

ಮುಂದೆ ಕನ್ನಡದಲ್ಲಿ ಪದದ ಮೊದಲಿನ ‘ಪ’ ಹೋಗಿ ‘ಹ’ ಬಂತು. ಪಾಲು ಹಾಲಾಯ್ತು, ಪೋಗು ಹೋಗು ಆಯ್ತು, ಹಡಗಲಿಯ ‘ಪೂವು’ ಹೂವಾಯ್ತು. ನಮ್ಮ ಪದಕ್ಕೂ ಅದೇ ಆಯ್ತು. ನಡುಗನ್ನಡದ ಕವಿಗಳು ‘ಹೊರವಂಟ’ ಅಂತ ಬರೆದ್ರು. ಹಡಗಲಿಯಿಂದ ತುಂಗಭದ್ರಾ ಹೊಳೆ ದಾಟಿ ಮುಂದೆ ಹೋದ್ರೆ ಸಿಗೋ ಗದುಗಿನ ಕುಮಾರವ್ಯಾಸನ ಭಾರತದಲ್ಲೂ ಈ ರೂಪ ಐತಿ.

‘ಹೊರವಂಟ’ ಅಂತ ಬೇಗ ಬೇಗ ಹತ್ತು ಸಲ ಅಂದು ನೋಡ್ರಿ. ನಾಲಿಗೆ ತಾನಾಗೇ ‘ಹೊಂಟ’ಕ್ಕೆ ಬಂದು ನಿಲ್ತದೆ. ‘ಹೊರಟ’ದಲ್ಲಿ ‘ರ’ ಉಳೀತು, ‘ಹೊಂಟ’ದಲ್ಲಿ ಸೊನ್ನೆ ಉಳೀತು. ಎರಡೂ ಒಂದೊಂದು ಕಳ್ಕೊಂಡಾವೆ, ಎರಡೂ ಒಂದೊಂದು ಉಳಿಸ್ಕೊಂಡಾವೆ. ಒಂದಕ್ಕೆ ಪಠ್ಯಪುಸ್ತಕದಲ್ಲಿ ಜಾಗ ಸಿಕ್ತು, ಇನ್ನೊಂದು ಮನೆಯಲ್ಲೇ ಉಳೀತು. ಇದರಲ್ಲಿ ಶುದ್ಧ ಯಾವುದು, ಕೆಟ್ಟಿದ್ದು ಯಾವುದು?

ಪರೀಕ್ಷೆಯಲ್ಲಿ ‘ಹೊರಟೆವು’ ಅಂತಾನೇ ಬರೀರಿ. ಎಲ್ಲರಿಗೂ ತಿಳಿಯೋ ಒಂದು ಬರಹದ ಕನ್ನಡ ಬೇಕೇ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಬರಹದ ರೂಪ ಗೊತ್ತಿರೋದು ಬೇರೆ, ಮನೆ ಮಾತಿಗೆ ನಾಚೋದು ಬೇರೆ. ಕೊಟ್ಟೂರು ತೇರಿಗೆ ನಡ್ಕೊಂಡು ಹೊಂಟ ಅಜ್ಜಿಯನ್ನ ನಿಲ್ಲಿಸಿ ‘ಹೊರಟೆ ಅನ್ನಬೇಕು’ ಅಂತ ತಿದ್ದೋಕಾಗ್ತದಾ?

ನಾನು ಅವತ್ತು ಬಾಯಿ ಮುಚ್ಕೊಂಡೆ. ನೀವು ಮುಚ್ಕೋಬ್ಯಾಡ್ರಿ. ಯಾರಾದ್ರೂ ನಕ್ರೆ ಸಿಟ್ಟೂ ಮಾಡಬ್ಯಾಡ್ರಿ, ಈ ಕಥೆ ಹೇಳ್ರಿ.

ನಿಮ್ಮ ಮನೆಯ ಯಾವ ಮಾತಿಗೆ ಜನ ನಕ್ಕಿದ್ರು? ಕಾಮೆಂಟಲ್ಲಿ ಹಾಕ್ರಿ, ಭಾಗ 5ಕ್ಕೆ ಅದರ ಬೆನ್ನು ಹತ್ತೋಣ. ಸದ್ಯಕ್ಕೆ ನಾನು ಕ್ಲಾಸಿಗೆ ಹೊಂಟೆ.